ಎಣಿಕೆ ಯಾವ ದಿನದಿಂದ ಶುರು? ಸಿವಿಲ್ ದಾವೆಯ ಕಾಲಮಿತಿ ಬದಲಾದ ಬಗೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತನಾಡುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಬ್ಬರಿಗೆ ಇನ್ನೊಬ್ಬರಿಂದ ನಷ್ಟ ಆಗಿದೆ ಅಂದುಕೊಳ್ಳಿ. ಕಾಗದಪತ್ರ ಇದೆ, ಸಾಕ್ಷಿ ಇದ್ದಾರೆ, ನ್ಯಾಯವೂ ಅವರ ಕಡೆಗೇ ಇದೆ. ಆದರೂ ಕೋರ್ಟು ಅದ್ಯಾವುದನ್ನೂ ನೋಡದೆ ದಾವೆಯನ್ನು ವಜಾ ಮಾಡಬಹುದು. ಕಾರಣ ಒಂದೇ, ಅವಧಿ ಮೀರಿದೆ. ವಕೀಲರು ಇದನ್ನು ಲಿಮಿಟೇಷನ್ ಅನ್ನುತ್ತಾರೆ. ಕಾನೂನಿನ ಕನ್ನಡದಲ್ಲಿ ಕಾಲಮಿತಿ, ಆಡುಮಾತಿನಲ್ಲಿ ಗಡುವು.

ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಹಲವು ದೇಶಗಳು ಈ ಗಡುವನ್ನು ಬುಡದಿಂದಲೇ ಬದಲಿಸಿವೆ. ಸುದ್ದಿಯಲ್ಲಿ ಬರುವುದು ಮಾತ್ರ ವರ್ಷಗಳ ಲೆಕ್ಕ. ಮೂವತ್ತು ಇದ್ದದ್ದು ಐದಾಯಿತು, ನಾಲ್ಕು ಇದ್ದದ್ದು ಎರಡಾಯಿತು, ಹೀಗೆ. ಆ ಲೆಕ್ಕ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಆ ವರ್ಷಗಳನ್ನು ಎಣಿಸುವುದು ಯಾವ ದಿನದಿಂದ? ತಪ್ಪು ನಡೆದ ದಿನದಿಂದಲೋ, ಅದರಿಂದ ಹಾನಿಯಾದ ದಿನದಿಂದಲೋ, ಹಾನಿಯಾಗಿದೆ ಎಂದು ಆ ಮನುಷ್ಯನಿಗೆ ಗೊತ್ತಾದ ದಿನದಿಂದಲೋ? ನೊಂದವರ ಪಾಲಿಗೆ ಕೋರ್ಟಿನ ಬಾಗಿಲು ತೆರೆಯುವುದೂ ಮುಚ್ಚುವುದೂ ಹೆಚ್ಚಾಗಿ ಇಲ್ಲೇ ತೀರ್ಮಾನವಾಗುತ್ತದೆ.

ಮೊದಲಿಗೆ, ಗಡುವು ಯಾಕೆ ಬೇಕು? ಬೇಕು ಅಂತಲೇ ನನ್ನ ಅಭಿಪ್ರಾಯ. ಸಾಕ್ಷಿಗಳು ಮರೆಯುತ್ತಾರೆ, ತೀರಿಕೊಳ್ಳುತ್ತಾರೆ. ರಸೀದಿ ಕಳೆದುಹೋಗುತ್ತದೆ. ನಲವತ್ತು ವರ್ಷದ ಹಿಂದೆ ಸಾಲ ತೀರಿಸಿದ್ದೇನೆ ಎಂದು ಇವತ್ತು ಸಾಬೀತು ಮಾಡಲು ಯಾರಿಂದ ಆಗುತ್ತದೆ? ಪ್ರತಿವಾದಿಗೂ ಒಂದು ಬದುಕಿದೆ. ಹಳೆಯ ಲೆಕ್ಕ ಯಾವತ್ತೋ ಒಂದು ದಿನ ಮುಗಿಯಿತು ಅನ್ನುವ ನೆಮ್ಮದಿ ಅವರಿಗೂ ಬೇಕು.

ಈ ಯೋಚನೆ ಬಹಳ ಹಳೆಯದು. ರೋಮನ್ ಚಕ್ರವರ್ತಿ ಎರಡನೇ ಥಿಯೊಡೋಸಿಯಸ್ ಕ್ರಿ.ಶ. 424ರಲ್ಲಿ ದಾವೆಗಳಿಗೆ ಮೂವತ್ತು ವರ್ಷದ ಮಿತಿ ಹಾಕಿದ. ಅದಕ್ಕೆ ಮೊದಲು ಬಹಳಷ್ಟು ದಾವೆಗಳಿಗೆ ಮಿತಿಯೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ನಡೆದದ್ದು ಇನ್ನೂ ಬೇರೆ ರೀತಿ. 1275ರ ಕಾಯ್ದೆ ವರ್ಷಗಳ ಲೆಕ್ಕವನ್ನೇ ಹೇಳಲಿಲ್ಲ. ಮೊದಲನೇ ರಿಚರ್ಡ್ ಪಟ್ಟಕ್ಕೆ ಬಂದ 1189ಕ್ಕಿಂತ ಹಿಂದಿನ ಹಕ್ಕನ್ನು ಆಧಾರ ಮಾಡಿಕೊಂಡು ಭೂಮಿ ಕೇಳುವಂತಿಲ್ಲ ಎಂದಿತು. ತಾರೀಕು ನಿಂತಲ್ಲೇ ನಿಂತಿತ್ತು, ಕಾಲ ಮುಂದೆ ಹೋಗುತ್ತಲೇ ಇತ್ತು. ಹಾಗಾಗಿ ವರ್ಷ ಕಳೆದಂತೆಲ್ಲ ಗಡುವು ತಾನಾಗಿಯೇ ಉದ್ದವಾಗುತ್ತಾ ಹೋಯಿತು. ಇಂತಿಷ್ಟು ವರ್ಷ ಎಂದು ಎಣಿಸುವ ಪದ್ಧತಿ ಅಲ್ಲಿ ಬಂದದ್ದು 1540ರಲ್ಲಿ. ಸಾಲ, ಒಪ್ಪಂದಗಳಂಥ ದಾವೆಗಳಿಗೆ ಆರು ವರ್ಷ ಎಂದು ಗೊತ್ತುಮಾಡಿದ್ದು 1623ರ ಕಾಯ್ದೆ. ಆ ಆರು ವರ್ಷ ಇವತ್ತಿಗೂ ಅಲ್ಲಿ ಒಪ್ಪಂದದ ದಾವೆಗಳಿಗೆ ಉಳಿದುಕೊಂಡಿದೆ.

ಸಾಲದ ಮಟ್ಟಿಗೆ ಈ ಲೆಕ್ಕ ಸರಿ. ಸಾಲ ಕೊಟ್ಟವನಿಗೆ ಕೊಟ್ಟದ್ದೂ ಗೊತ್ತು, ಹಿಂದಿರುಗಿ ಬರಬೇಕಾದ ದಿನವೂ ಗೊತ್ತು. ಸುಮ್ನೆ ಕೂತರೆ ತಪ್ಪು ಅವನದೇ. ಆದರೆ ಮೈಯೊಳಗೆ ಸದ್ದಿಲ್ಲದೆ ಬೆಳೆಯುವ ಕಾಯಿಲೆಗೆ ಇದೇ ಲೆಕ್ಕ ಹಾಕಿದರೆ?

ಇಂಗ್ಲೆಂಡಿನದೇ ಒಂದು ಪ್ರಕರಣ ಹೇಳುತ್ತೇನೆ. ಅಲ್ಲಿ ಜಾಪ್ಲಿಂಗ್ ಎಂಬ ಕಂಪನಿಯ ಕಾರ್ಖಾನೆಯಲ್ಲಿ ಎರಕ ಹೊಯ್ದ ಉಕ್ಕನ್ನು ಉಜ್ಜಿ ನಯ ಮಾಡುವ ಕೆಲಸಗಾರರಿದ್ದರು. ಆ ಕೆಲಸದಲ್ಲಿ ಏಳುವ ಸಣ್ಣ ದೂಳು ವರ್ಷಗಟ್ಟಲೆ ಅವರ ಶ್ವಾಸಕೋಶದಲ್ಲಿ ಕೂತಿತು. ಈ ಕಾಯಿಲೆ ಆರಂಭದಲ್ಲಿ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಉಸಿರು ಕಟ್ಟುವ ಹೊತ್ತಿಗೆ ಒಳಗಿನ ಹಾನಿ ಹಳೆಯದಾಗಿರುತ್ತದೆ. ಕೆಲಸಗಾರರು 1956ರಲ್ಲಿ ದಾವೆ ಹೂಡಿದರು. ಅವರ ದಾವೆಗೆ ಅನ್ವಯಿಸುತ್ತಿದ್ದ ಗಡುವು ಆರು ವರ್ಷ. ಪ್ರಕರಣ ಹೌಸ್ ಆಫ್ ಲಾರ್ಡ್ಸ್, ಅಂದರೆ ಅಲ್ಲಿನ ಆಗಿನ ಅತಿ ದೊಡ್ಡ ನ್ಯಾಯಾಲಯದ ತನಕ ಹೋಯಿತು. 1963ರಲ್ಲಿ ತೀರ್ಪು ಬಂತು. ಶ್ವಾಸಕೋಶಕ್ಕೆ ಗಣನೀಯ ಹಾನಿ ಆದ ದಿನವೇ ಎಣಿಕೆ ಶುರುವಾಗಿದೆ, ಕೆಲಸಗಾರನಿಗೆ ಅದು ಗೊತ್ತಿತ್ತೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ, ದಾವೆ ಅವಧಿ ಮೀರಿದೆ.

ಈ ತೀರ್ಪು ಕೊಟ್ಟ ನ್ಯಾಯಮೂರ್ತಿಗಳಿಗೇ ಅದು ಒಪ್ಪಿಗೆಯಾಗಿರಲಿಲ್ಲ. ಹಾನಿಯನ್ನು ಪತ್ತೆ ಮಾಡುವುದೇ ಸಾಧ್ಯವಿಲ್ಲದ ಕಾಲದಲ್ಲಿ ದಾವೆಯ ಹಕ್ಕು ಹುಟ್ಟಿಬಿಟ್ಟಿತು ಅನ್ನುವುದನ್ನು ಸಮರ್ಥಿಸಲು ಆಗುವುದಿಲ್ಲ ಎಂಬ ಅರ್ಥದಲ್ಲಿ ಲಾರ್ಡ್ ರೀಡ್ ಬರೆದರು. ಆದರೆ ಕಾಯ್ದೆಯ ಪದಗಳು ಅವರ ಕೈ ಕಟ್ಟಿಹಾಕಿದ್ದವು. ಅದೇ ವರ್ಷ ಬ್ರಿಟಿಷ್ ಸಂಸತ್ತು ಹೊಸ ಕಾಯ್ದೆ ತಂದಿತು. ನಂತರದ ತಿದ್ದುಪಡಿಗಳೆಲ್ಲ ಸೇರಿ 1980ರ ಕಾಯ್ದೆಯಾಯಿತು. ಈಗ ಅಲ್ಲಿ ದೇಹಕ್ಕಾದ ಹಾನಿಯ ದಾವೆಗೆ ಮೂರು ವರ್ಷ. ಆರು ಇದ್ದದ್ದು ಮೂರಾಗಿದೆ, ನೋಡಿ. ವರ್ಷ ಕಡಿಮೆಯಾದರೂ ನೊಂದವರ ಸ್ಥಿತಿ ಮೊದಲಿಗಿಂತ ಉತ್ತಮವಾಯಿತು. ಯಾಕೆಂದರೆ ಎಣಿಕೆ ತಿಳಿವಳಿಕೆಯ ದಿನದಿಂದಲೂ ಶುರುವಾಗಬಹುದು. ತನಗೆ ಆಗಿರುವ ಹಾನಿ ಸಣ್ಣದಲ್ಲ, ಅದು ಇಂಥ ಕೆಲಸದಿಂದ ಆಗಿದೆ, ಅದಕ್ಕೆ ಕಾರಣ ಇಂಥವರು, ಇಷ್ಟೂ ಗೊತ್ತಾದ ದಿನ ಅದು. ಅದೂ ಮೀರಿದ್ದರೆ, ದಾವೆ ನಡೆಯಲು ಬಿಡುವುದು ನ್ಯಾಯ ಅನ್ನಿಸಿದಾಗ ಗಡುವನ್ನು ಬದಿಗಿಡುವ ಅಧಿಕಾರವನ್ನೂ 33ನೇ ಸೆಕ್ಷನ್ ಕೋರ್ಟಿಗೆ ಕೊಟ್ಟಿದೆ.

ಅಮೆರಿಕದ ಸುಪ್ರೀಂ ಕೋರ್ಟ್ 1949ರಲ್ಲೇ ಈ ದಾರಿ ಹಿಡಿದಿತ್ತು. ಅಲ್ಲಿ ಉಗಿಬಂಡಿಯಲ್ಲಿ ಸುಮಾರು ಮೂವತ್ತು ವರ್ಷ ದುಡಿದ ಫೈರ್‌ಮನ್ (ಎಂಜಿನ್ನಿನ ಬೆಂಕಿ ನೋಡಿಕೊಳ್ಳುವ ಕೆಲಸಗಾರ) ಒಬ್ಬರಿಗೆ ಮರಳಿನ ದೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬಂದಿತ್ತು. ಯಾವ ದಿನದ ಯಾವ ಉಸಿರಿನಿಂದ ಕಾಯಿಲೆ ಶುರುವಾಯಿತು ಎಂದು ಅವರು ಹೇಳಲು ಹೇಗೆ ಸಾಧ್ಯ? ತಮ್ಮದಲ್ಲದ ತಪ್ಪಿಗೆ, ಗೊತ್ತಿಲ್ಲದೆ ಇದ್ದ ಕಾರಣಕ್ಕೆ, ಹಕ್ಕು ಕಳೆದುಕೊಳ್ಳಬಾರದು ಎಂದು ಕೋರ್ಟು ಹೇಳಿತು.

ಈಗ ಯುರೋಪಿನ ದೊಡ್ಡ ಬದಲಾವಣೆಗೆ ಬರೋಣ. ಜರ್ಮನಿಯ ಸಿವಿಲ್ ಸಂಹಿತೆಯಲ್ಲಿ 1900ರಿಂದ ಸಾಮಾನ್ಯ ಗಡುವು ಮೂವತ್ತು ವರ್ಷ ಇತ್ತು. 2002ರಲ್ಲಿ ಅದನ್ನು ಮೂರಕ್ಕೆ ಇಳಿಸಿದರು. ಫ್ರಾನ್ಸ್ 2008ರ ಜೂನ್‌ನಲ್ಲಿ ಮೂವತ್ತನ್ನು ಐದಕ್ಕೆ ಇಳಿಸಿತು. ಮೇಲುನೋಟಕ್ಕೆ ಇದು ನಾಗರಿಕರ ಹಕ್ಕನ್ನು ಕಿತ್ತುಕೊಂಡಂತೆ ಕಾಣುತ್ತದೆ, ಅಲ್ವಾ? ಎರಡೂ ದೇಶಗಳು ಅದರ ಜೊತೆಗೇ ಎಣಿಕೆಯ ಮೊದಲ ದಿನವನ್ನು ಬದಲಿಸಿದವು. ಹಕ್ಕಿನ ಬಗ್ಗೆ ಗೊತ್ತಾದಾಗ, ಅಥವಾ ಗೊತ್ತಾಗಬೇಕಿದ್ದಾಗ, ಎಣಿಕೆ ಶುರು. ಜರ್ಮನಿಯಲ್ಲಿ ಇನ್ನೂ ಒಂದು ಅನುಕೂಲ ಇದೆ. ಆ ವರ್ಷದ ಡಿಸೆಂಬರ್ 31 ಮುಗಿದ ಮೇಲೆಯೇ ಮೂರು ವರ್ಷದ ಎಣಿಕೆ ಆರಂಭ. ಜನವರಿಯಲ್ಲಿ ಗೊತ್ತಾದರೂ ನವೆಂಬರಿನಲ್ಲಿ ಗೊತ್ತಾದರೂ ಒಂದೇ.

ಹಾಗಾದರೆ ಗೊತ್ತೇ ಆಗದಿದ್ದರೆ ಗಡುವು ಶಾಶ್ವತವಾಗಿ ಮುಗಿಯುವುದೇ ಇಲ್ಲವೇ? ಅದಕ್ಕಾಗಿ ಎರಡನೇ ಗಡಿಯೊಂದನ್ನು ಹಾಕುತ್ತಾರೆ. ತಿಳಿದಿರಲಿ, ತಿಳಿಯದಿರಲಿ, ಇಷ್ಟು ವರ್ಷದ ನಂತರ ದಾವೆ ಇಲ್ಲ ಎಂಬ ಕೊನೆಯ ಗಡಿ. ಜರ್ಮನಿಯಲ್ಲಿ ಇದು ಹಲವು ಹಕ್ಕುಗಳಿಗೆ ಹತ್ತು ವರ್ಷ. ಜೀವ, ದೇಹ, ಆರೋಗ್ಯಕ್ಕೆ ಆದ ಹಾನಿಗೆ ಮೂವತ್ತು. ಕೆನಡಾದ ಒಂಟಾರಿಯೋದಲ್ಲಿ 2004ರಿಂದ ಮೂಲ ಗಡುವು ಎರಡು ವರ್ಷ, ಕೊನೆಯ ಗಡಿ ಹದಿನೈದು. ಒಂದು ಸಣ್ಣ ಗಡುವು, ಒಂದು ದೊಡ್ಡ ಗಡಿ. ಇವತ್ತು ಸುಧಾರಣೆ ಮಾಡುವ ಹೆಚ್ಚಿನ ದೇಶಗಳು ಈ ಜೋಡಿಯ ಕಡೆಗೇ ಹೋಗುತ್ತಿವೆ. ವ್ಯಾಪಾರದ ವ್ಯಾಜ್ಯಗಳಿಗೆ ಇದು ಒಳ್ಳೆಯ ವ್ಯವಸ್ಥೆ ಎಂದೇ ನಾನು ನಂಬುತ್ತೇನೆ. ತೊಂದರೆ ಬರುವುದು ಆ ಕೊನೆಯ ಗಡಿಯಲ್ಲಿ.

ಕಲ್ನಾರನ್ನು ತೆಗೆದುಕೊಳ್ಳಿ, ಅದೇ ಆಸ್ಬೆಸ್ಟಾಸ್. ಅದರ ನಾರನ್ನು ಉಸಿರಾಡಿದವರಿಗೆ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಕಾಣಿಸಿಕೊಳ್ಳಲು ಇಪ್ಪತ್ತರಿಂದ ಐವತ್ತು ವರ್ಷ ಬೇಕಾಗಬಹುದು. ಸ್ವಿಟ್ಜರ್ಲೆಂಡಿನಲ್ಲಿ ಕೊನೆಯ ಗಡಿ ಹತ್ತು ವರ್ಷ ಇತ್ತು, ಅದನ್ನೂ ನಾರಿಗೆ ಒಡ್ಡಿಕೊಂಡ ದಿನದಿಂದ ಎಣಿಸುತ್ತಿದ್ದರು. ಅಂದರೆ ಕಾಯಿಲೆ ಬರುವ ಮೊದಲೇ ಗಡುವು ಮುಗಿದಿರುತ್ತಿತ್ತು. ಅಲ್ಲಿನ ಟರ್ಬೈನ್ ಮೆಕ್ಯಾನಿಕ್ ಒಬ್ಬರಿಗೆ 2004ರಲ್ಲಿ ಈ ಕ್ಯಾನ್ಸರ್ ಪತ್ತೆಯಾಯಿತು. 2005ರಲ್ಲಿ ದಾವೆ ಹೂಡಿದರು, ಅದೇ ವರ್ಷ ತೀರಿಕೊಂಡರು. ಸ್ವಿಸ್ ಕೋರ್ಟುಗಳು ಅವಧಿ ಮೀರಿದೆ ಎಂದವು. ಕುಟುಂಬದವರು ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2014ರ ಮಾರ್ಚ್‌ನಲ್ಲಿ ಅವರ ಪರ ತೀರ್ಪು ಬಂತು. ಕಾಯಿಲೆ ಇದೆ ಎಂದು ತಿಳಿಯುವುದೇ ವೈಜ್ಞಾನಿಕವಾಗಿ ಅಸಾಧ್ಯವಾಗಿದ್ದ ಕಾಲವನ್ನು ಲೆಕ್ಕಕ್ಕೆ ಹಿಡಿದರೆ, ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನೇ ಇಲ್ಲವಾಗಿಸಿದಂತೆ.

ಸ್ವಿಟ್ಜರ್ಲೆಂಡ್ 2020ರ ಜನವರಿ 1ರಿಂದ ಕಾನೂನು ಬದಲಿಸಿತು. ಸಾವು ಮತ್ತು ದೇಹಹಾನಿಯ ಪ್ರಕರಣಗಳಲ್ಲಿ ಹತ್ತು ವರ್ಷ ಇಪ್ಪತ್ತಾಯಿತು. ದುಪ್ಪಟ್ಟು ಅಂದರೆ ದೊಡ್ಡ ಸುಧಾರಣೆ ಅನ್ನಿಸುತ್ತದೆ. ಆದರೆ ಈಗಷ್ಟೇ ಹೇಳಿದೆ, ಕಾಯಿಲೆಗೆ ಇಪ್ಪತ್ತರಿಂದ ಐವತ್ತು ವರ್ಷ ಬೇಕು. ಎಣಿಕೆಯ ಮೊದಲ ದಿನವನ್ನು ಮುಟ್ಟದೆ ವರ್ಷವನ್ನಷ್ಟೇ ಹೆಚ್ಚಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ. 2024ರ ಫೆಬ್ರವರಿಯಲ್ಲಿ ಇನ್ನೊಂದು ಕಲ್ನಾರು ಪ್ರಕರಣದಲ್ಲೂ ಅದೇ ನ್ಯಾಯಾಲಯ ಸ್ವಿಟ್ಜರ್ಲೆಂಡ್ ವಿರುದ್ಧ ತೀರ್ಪು ಕೊಟ್ಟಿತು. ಆ ವ್ಯಕ್ತಿ ಬಾಲ್ಯದಲ್ಲಿ ಕಲ್ನಾರು ಕಾರ್ಖಾನೆಯ ಹತ್ತಿರ ಬೆಳೆದವರು.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಜಪಾನಿನ ಪ್ರಕರಣ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಜಪಾನಿನಲ್ಲಿ 1948ರಿಂದ 1996ರವರೆಗೆ ಯುಜೆನಿಕ್ ರಕ್ಷಣಾ ಕಾಯ್ದೆ ಎಂಬುದೊಂದಿತ್ತು. ಅಂಗವೈಕಲ್ಯ ಇದ್ದವರು, ಮಾನಸಿಕ ಕಾಯಿಲೆ ಇದ್ದವರು ಮಕ್ಕಳನ್ನು ಹೆರಬಾರದು ಎಂದು ಸರ್ಕಾರವೇ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿಸುತ್ತಿತ್ತು. ಸುಮಾರು 25,000 ಜನಕ್ಕೆ ಹೀಗೆ ಮಾಡಲಾಯಿತು. ಅವರಲ್ಲಿ ಸುಮಾರು 16,500 ಮಂದಿಯ ಒಪ್ಪಿಗೆಯನ್ನೇ ಕೇಳಿರಲಿಲ್ಲ. ಹಲವರು ಆಗ ಚಿಕ್ಕ ವಯಸ್ಸಿನವರು. ತಮಗೆ ಯಾವ ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾರೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

2018ರಿಂದ ಒಬ್ಬೊಬ್ಬರಾಗಿ ಸರ್ಕಾರದ ವಿರುದ್ಧ ದಾವೆ ಹೂಡಲು ಶುರು ಮಾಡಿದರು. ಅಲ್ಲಿನ ಸಿವಿಲ್ ಸಂಹಿತೆಯ 724ನೇ ವಿಧಿಯ ಪ್ರಕಾರ ತಪ್ಪು ನಡೆದ ದಿನದಿಂದ ಇಪ್ಪತ್ತು ವರ್ಷಕ್ಕೆ ಹಕ್ಕು ಮುಗಿಯುತ್ತದೆ. 1989ರ ತೀರ್ಪೊಂದು ಈ ನಿಯಮವನ್ನು ಇನ್ನಷ್ಟು ಬಿಗಿ ಮಾಡಿತ್ತು. ಪ್ರತಿವಾದಿ ಕೇಳದಿದ್ದರೂ ಸರಿ, ಇಪ್ಪತ್ತು ವರ್ಷ ಆದ ಮೇಲೆ ಹಕ್ಕು ತಾನಾಗಿಯೇ ಇಲ್ಲವಾಗುತ್ತದೆ ಎಂದಿತ್ತು. ಶಸ್ತ್ರಚಿಕಿತ್ಸೆ ನಡೆದದ್ದು ಹೆಚ್ಚಾಗಿ 1950, 60ರ ದಶಕಗಳಲ್ಲಿ. ಕಾಯ್ದೆ ರದ್ದಾಗುವ ಹೊತ್ತಿಗಾಗಲೇ ಎಷ್ಟೋ ಜನರ ಗಡುವು ಮುಗಿದಿತ್ತು. ಸರ್ಕಾರವೇ ಕಾನೂನುಬದ್ಧ ಎಂದು ಹೇಳುತ್ತಿದ್ದ ಕೆಲಸವನ್ನು, ಅದೇ ಸರ್ಕಾರದ ಕೋರ್ಟಿನಲ್ಲಿ, ಗಡುವಿನೊಳಗೆ ಪ್ರಶ್ನಿಸಬೇಕಿತ್ತು ಅನ್ನುವುದು ವಾದ. ಕೆಳಗಿನ ಹಲವು ಕೋರ್ಟುಗಳು ಈ ಕಾರಣಕ್ಕೇ ದಾವೆಗಳನ್ನು ವಜಾ ಮಾಡಿದವು.

2024ರ ಜುಲೈ 3ರಂದು ಸುಪ್ರೀಂ ಕೋರ್ಟಿನ ಹದಿನೈದೂ ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಆ ಕಾಯ್ದೆ ಸಂವಿಧಾನಕ್ಕೆ ವಿರುದ್ಧ. ಇಂಥ ಪ್ರಕರಣದಲ್ಲಿ ಸರ್ಕಾರ ಕಾಲದ ಮರೆಯಲ್ಲಿ ಜವಾಬ್ದಾರಿ ತಪ್ಪಿಸಿಕೊಳ್ಳುವುದು ನ್ಯಾಯಕ್ಕೆ ತೀರಾ ವಿರುದ್ಧ, ಅದಕ್ಕೆ ಅವಕಾಶ ಕೊಡುವುದಿಲ್ಲ. 1989ರ ತೀರ್ಪನ್ನೂ ಅಂದೇ ಬದಲಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಸಂಸತ್ತು ಕಾಯ್ದೆ ಮಾಡಿ, ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ತಲಾ 1.5 ಕೋಟಿ ಯೆನ್ ಪರಿಹಾರ ನಿಗದಿ ಮಾಡಿತು. ಅಷ್ಟರಲ್ಲಿ ದಾವೆ ಹೂಡಿದವರಲ್ಲೇ ಕೆಲವರು ತೀರಿಕೊಂಡಿದ್ದರು.

ತಪ್ಪು ಮಾಡಿದವರೇ ನೊಂದವರ ಬಾಯಿ ಕಟ್ಟಿರುವಾಗ ಗಡುವಿನ ರಕ್ಷಣೆ ಅವರಿಗೆ ಸಿಗಬಾರದು. ಇದು ನನ್ನ ಗಟ್ಟಿ ನಂಬಿಕೆ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದಾವೆಗಳಲ್ಲಿ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಬರುತ್ತದೆ. ಇಲ್ಲಿ ಘಟನೆ ಗೊತ್ತಿರುತ್ತದೆ. ಹೇಳಲು ಆಗುವುದಿಲ್ಲ, ಅಷ್ಟೇ. ಭಯ, ನಾಚಿಕೆ, ನಂಬುವವರಿಲ್ಲ ಅನ್ನುವ ಅನುಭವ, ಇವೆಲ್ಲ ಸೇರಿ ದಶಕಗಳು ಕಳೆದುಹೋಗುತ್ತವೆ. ನ್ಯೂಯಾರ್ಕ್ ರಾಜ್ಯದಲ್ಲಿ ಮೊದಲು ಸಾಮಾನ್ಯವಾಗಿ 23 ವರ್ಷ ವಯಸ್ಸಿನೊಳಗೆ ಸಿವಿಲ್ ದಾವೆ ಹೂಡಬೇಕಿತ್ತು. 2019ರ ಕಾಯ್ದೆ ಅದನ್ನು 55ಕ್ಕೆ ಏರಿಸಿತು. ಜೊತೆಗೆ, ಆಗಲೇ ಅವಧಿ ಮೀರಿದ್ದ ಹಳೆಯ ಪ್ರಕರಣಗಳಿಗೂ ಒಂದು ವರ್ಷ ಬಾಗಿಲು ತೆರೆಯಿತು. ಕೋವಿಡ್ ಬಂದದ್ದರಿಂದ ಅದನ್ನು 2021ರ ಆಗಸ್ಟ್ 14ರವರೆಗೆ ವಿಸ್ತರಿಸಿದರು. ಅಷ್ಟರೊಳಗೆ ಹತ್ತು ಸಾವಿರಕ್ಕೂ ಹೆಚ್ಚು ದಾವೆಗಳು ಬಂದವು. ರಾಚೆಸ್ಟರ್, ಬಫಲೋ ಮೊದಲಾದ ಕ್ಯಾಥೊಲಿಕ್ ಧರ್ಮಪ್ರಾಂತ್ಯಗಳು ದಿವಾಳಿ ಅರ್ಜಿ ಹಾಕಿದವು.

ಒಮ್ಮೆ ಮುಗಿದ ಗಡುವನ್ನು ಮತ್ತೆ ತೆರೆಯುವುದು ಸರಿಯೇ? ಅಮೆರಿಕದ ರಾಜ್ಯಗಳಲ್ಲೇ ಒಮ್ಮತ ಇಲ್ಲ. ಯೂಟಾದ ಸುಪ್ರೀಂ ಕೋರ್ಟ್ 2020ರಲ್ಲಿ ಅಂಥ ಕಾಯ್ದೆಯನ್ನು ತಳ್ಳಿಹಾಕಿತು. ಗಡುವು ಮುಗಿದಾಗ ಪ್ರತಿವಾದಿಗೆ ಸಿಕ್ಕ ರಕ್ಷಣೆಯೂ ಒಂದು ಹಕ್ಕೇ, ಅದನ್ನು ಕಿತ್ತುಕೊಳ್ಳುವಂತಿಲ್ಲ ಎಂದಿತು. ಮೇರಿಲ್ಯಾಂಡಿನ ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ಅಂಥದ್ದೇ ಕಾಯ್ದೆಯನ್ನು ಎತ್ತಿಹಿಡಿಯಿತು.

ಆಸ್ಟ್ರೇಲಿಯಾ ಹಿಡಿದ ದಾರಿ ನನಗೆ ಹೆಚ್ಚು ಇಷ್ಟ. ವಿಕ್ಟೋರಿಯಾ ರಾಜ್ಯ 2015ರ ಜುಲೈನಿಂದ ಈ ಬಗೆಯ ದಾವೆಗಳಿಗೆ ಗಡುವನ್ನೇ ತೆಗೆದುಹಾಕಿತು. ಉಳಿದ ರಾಜ್ಯಗಳೂ ಹಿಂಬಾಲಿಸಿದವು. ಹಾಗಾದರೆ ಪ್ರತಿವಾದಿಯ ಗತಿ? ನ್ಯಾಯವಾದ ವಿಚಾರಣೆ ಸಾಧ್ಯವೇ ಇಲ್ಲ ಅನ್ನಿಸಿದರೆ ದಾವೆಯನ್ನು ತಡೆಯುವ ಅಧಿಕಾರ ಕೋರ್ಟಿಗೆ ಉಳಿದಿದೆ. 2023ರ ನವೆಂಬರಿನಲ್ಲಿ ಅಲ್ಲಿನ ಹೈಕೋರ್ಟ್, ಅಂದರೆ ಆ ದೇಶದ ಅತಿ ದೊಡ್ಡ ನ್ಯಾಯಾಲಯ, ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆರೋಪ 1968ರ ಘಟನೆಯದು. ಆರೋಪ ಹೊತ್ತ ಪಾದ್ರಿ 1996ರಲ್ಲೇ ತೀರಿಕೊಂಡಿದ್ದರು. ಮೂವರು ನ್ಯಾಯಮೂರ್ತಿಗಳು ದಾವೆ ನಡೆಯಲಿ ಎಂದರು, ಇಬ್ಬರು ಒಪ್ಪಲಿಲ್ಲ. ಸಾಕ್ಷಿಗಳು ಕಡಿಮೆಯಾಗಿದ್ದಾರೆ ಎಂಬುದೊಂದೇ ಕಾರಣ ಸಾಲದು ಎಂಬುದು ಬಹುಮತ. ಒಂದೇ ತಾರೀಕು ಎಲ್ಲರಿಗೂ ಬಾಗಿಲು ಮುಚ್ಚುವ ಬದಲು ನ್ಯಾಯಾಧೀಶರು ಪ್ರತಿ ಪ್ರಕರಣವನ್ನೂ ನೋಡಿ ತೀರ್ಮಾನಿಸುತ್ತಾರೆ. ಕೆಲಸ ಜಾಸ್ತಿ, ನಿಶ್ಚಿತತೆ ಕಡಿಮೆ, ನಿಜ. ಈ ಬಗೆಯ ಪ್ರಕರಣಗಳಿಗೆ ಆ ಬೆಲೆ ಕೊಡಬಹುದು ಅನ್ನುವುದು ನನ್ನ ಅನಿಸಿಕೆ.

ಎಲ್ಲ ಬದಲಾವಣೆಯೂ ನೊಂದವರ ಕಡೆಗೇ ಹೋಗುತ್ತಿದೆ ಎಂದು ಭಾವಿಸಬೇಡಿ. ಫ್ಲೋರಿಡಾ 2023ರ ಮಾರ್ಚ್‌ನಲ್ಲಿ ನಿರ್ಲಕ್ಷ್ಯದ ದಾವೆಗಳ ಗಡುವನ್ನು ನಾಲ್ಕರಿಂದ ಎರಡು ವರ್ಷಕ್ಕೆ ಇಳಿಸಿತು. ಅದಕ್ಕೆ ವಿರುದ್ಧವಾಗಿ ಲೂಯಿಸಿಯಾನ 2024ರ ಜುಲೈನಲ್ಲಿ ಒಂದರಿಂದ ಎರಡಕ್ಕೆ ಏರಿಸಿತು.

ಭಾರತದ ಕಾಯ್ದೆಯ ಬಗ್ಗೆಯೂ ಕೇಳಿದ್ದೀರಿ. ಈಗ ಇರುವುದು 1963ರ ಕಾಯ್ದೆ, ಜಾರಿಗೆ ಬಂದದ್ದು 1964ರ ಜನವರಿ 1ರಂದು. ಅದು 1908ರ ಕಾಯ್ದೆಯ ಜಾಗಕ್ಕೆ ಬಂತು. ಸರ್ಕಾರ ಹೂಡುವ ದಾವೆಗೆ ಮೊದಲು ಅರವತ್ತು ವರ್ಷ ಇತ್ತು, ಈಗ ಮೂವತ್ತು. ಒಪ್ಪಂದ ಮುರಿದರೆ ನಾಗರಿಕರಿಗೆ ಇರುವುದು ಮೂರು ವರ್ಷ. ಈ ಅಂತರ ಇಷ್ಟು ದೊಡ್ಡದಾಗಿರಬೇಕೇ ಎಂದು ಕೇಳುವ ಕಾಲ ಬಂದಿದೆ. ಕೋವಿಡ್ ಕಾಲದಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಎಣಿಕೆಯಿಂದಲೇ ಬಿಟ್ಟಿತು.

ಆ ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ. 137 ವಿಧಿಗಳು, ಮೂರು ಕಾಲಂ. ಮೊದಲನೆಯದರಲ್ಲಿ ಯಾವ ದಾವೆ, ಎರಡನೆಯದರಲ್ಲಿ ಎಷ್ಟು ಕಾಲ, ಮೂರನೆಯದರಲ್ಲಿ ಯಾವಾಗಿನಿಂದ. ಜನ ಎರಡನೇ ಕಾಲಂ ನೋಡಿ ಪುಸ್ತಕ ಮುಚ್ಚುತ್ತಾರೆ. ದಯವಿಟ್ಟು ಮೂರನೆಯದನ್ನು ಓದಿ. ಬರಹದ ಮೂಲಕ ಆದ ಮಾನಹಾನಿಗೆ ಪ್ರಕಟವಾದ ದಿನದಿಂದ ಒಂದು ವರ್ಷ. ಪತ್ರವೊಂದನ್ನು ರದ್ದು ಮಾಡಿಸಲು ಮೂರು ವರ್ಷ, ಆದರೆ ರದ್ದತಿಗೆ ಕಾರಣವಾಗುವ ಸಂಗತಿ ನಿಮಗೆ ಮೊದಲ ಬಾರಿ ತಿಳಿದ ದಿನದಿಂದ. ಮೋಸ ನಡೆದಿದ್ದರೆ 17ನೇ ಸೆಕ್ಷನ್ ಇದೆ. ಮೋಸ ಪತ್ತೆಯಾಗುವವರೆಗೆ, ಅಥವಾ ತಕ್ಕ ಎಚ್ಚರ ವಹಿಸಿದ್ದರೆ ಪತ್ತೆಯಾಗುತ್ತಿದ್ದ ದಿನದವರೆಗೆ, ಎಣಿಕೆ ಶುರುವಾಗುವುದಿಲ್ಲ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: ತಡವಾಗಿದ್ದಕ್ಕೆ ಒಳ್ಳೆಯ ಕಾರಣ ಇದ್ದರೆ ಕೋರ್ಟು ಮನ್ನಾ ಮಾಡುತ್ತದಲ್ಲವೇ? ಭಾರತದಲ್ಲಿ ವಿಳಂಬ ಮನ್ನಾ ಮಾಡುವ 5ನೇ ಸೆಕ್ಷನ್ ಮೇಲ್ಮನವಿಗೆ ಮತ್ತು ಕೆಲವು ಅರ್ಜಿಗಳಿಗೆ ಅನ್ವಯಿಸುತ್ತದೆ. ಮೂಲ ದಾವೆಗೆ ಅನ್ವಯಿಸುವುದಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದೆ ಎಂದರೂ ಆಗದು. ಎದುರಾಳಿ ತಕರಾರು ತೆಗೆಯದಿದ್ದರೂ 3ನೇ ಸೆಕ್ಷನ್ ಪ್ರಕಾರ ಕೋರ್ಟೇ ವಜಾ ಮಾಡಬೇಕು. ಇಂಗ್ಲೆಂಡಿನಲ್ಲಿ ಪ್ರತಿವಾದಿ ತಕರಾರು ಎತ್ತಿದರೆ ಮಾತ್ರ ಗಡುವಿನ ಮಾತು ಬರುತ್ತದೆ.

ಇನ್ನೊಬ್ಬರ ಪ್ರಶ್ನೆ: ಎದುರಿನವರು "ಮಾತಾಡಿ ಬಗೆಹರಿಸೋಣ" ಅನ್ನುತ್ತಿದ್ದಾರೆ. ಮಾತುಕತೆ ನಡೆಯುವಾಗ ಎಣಿಕೆ ನಿಲ್ಲುತ್ತದಾ? ಇದು ಎಲ್ಲ ಕಡೆ ಒಂದೇ ರೀತಿ ಇಲ್ಲ. ಜರ್ಮನಿಯಲ್ಲಿ ನಿಲ್ಲುತ್ತದೆ. ಮಾತುಕತೆ ಮುರಿದ ಮೇಲೂ ಕನಿಷ್ಠ ಮೂರು ತಿಂಗಳು ಸಿಗುತ್ತದೆ. ಜಪಾನಿನಲ್ಲಿ 2020ರಿಂದ, ಮಾತುಕತೆ ನಡೆಸುತ್ತೇವೆ ಎಂದು ಎರಡೂ ಕಡೆಯವರು ಬರಹದಲ್ಲಿ ಒಪ್ಪಿಕೊಂಡರೆ ಗಡುವು ಮುಗಿಯುವುದನ್ನು ಒಂದು ವರ್ಷದವರೆಗೆ ತಡೆಯಬಹುದು. ಭಾರತದಲ್ಲಿ ಬರೀ ಮಾತುಕತೆಗೆ ಆ ಶಕ್ತಿ ಇಲ್ಲ. ಗಡುವು ಮುಗಿಯುವ ಮೊದಲು ಎದುರಿನವರು ತಮ್ಮ ಹೊಣೆಯನ್ನು ಒಪ್ಪಿಕೊಂಡು, ಬರಹದಲ್ಲಿ, ಸಹಿ ಹಾಕಿ ಕೊಟ್ಟರೆ 18ನೇ ಸೆಕ್ಷನ್ ಪ್ರಕಾರ ಆ ದಿನದಿಂದ ಹೊಸದಾಗಿ ಎಣಿಕೆ ಆರಂಭವಾಗುತ್ತದೆ. ಗಡುವು ಮುಗಿದ ಮರುದಿನ ಬರೆದುಕೊಟ್ಟರೆ ಆ ಸೆಕ್ಷನ್ನಿನ ಸಹಾಯ ಸಿಗುವುದಿಲ್ಲ. ಹಾಗಾಗಿ ಆ ಪ್ರಶ್ನೆ ಕೇಳಿದವರಿಗೆ ನಾನು ಹೇಳಿದ್ದು ಇಷ್ಟು: ಮಾತುಕತೆ ಮುಂದುವರಿಸಿ, ಆದರೆ ನಿಮ್ಮ ದಾವೆಗೆ ಯಾವ ವಿಧಿ ಅನ್ವಯಿಸುತ್ತದೆ, ಅದರ ಮೂರನೇ ಕಾಲಂ ಏನು ಹೇಳುತ್ತದೆ ಎಂದು ಈ ವಾರವೇ ವಕೀಲರ ಹತ್ತಿರ ಕೇಳಿ ತಿಳಿದುಕೊಳ್ಳಿ.